ಲಿಫ್ಟ್ ಪಂಪ್‌ಗಿಂತ ಮೊದಲು ಗೇಜ್ ಕೊಂಡೆ

ನನ್ನ ಟ್ರಕ್ಕಿನದು 5.9 ಲೀಟರಿನ ಕಮಿನ್ಸ್ ಎಂಜಿನ್, 24 ವಾಲ್ವ್. 1998ರ ನಡುವಿನಿಂದ 2002ರವರೆಗೆ ಪಿಕಪ್ ಟ್ರಕ್ಕುಗಳಲ್ಲಿ ಬಂದ, ವಿಪಿ44 ಇಂಜೆಕ್ಷನ್ ಪಂಪ್ (ಎಂಜಿನ್ನಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ದೊಡ್ಡ ಪಂಪ್) ಇರುವ ಮಾದರಿ. ಈ ವಿಪಿ44ಗೆ ಡೀಸೆಲ್ ಅಂದರೆ ಬರೀ ಉರಿಸುವ ಇಂಧನವಲ್ಲ. ಒಳಗಿನ ಭಾಗಗಳು ಸವೆಯದಂತೆ ಜಾರಿಸುವುದೂ ಅದೇ, ಪಂಪಿನ ಬಿಸಿ ಹೊತ್ತು ಟ್ಯಾಂಕಿಗೆ ಮರಳುವುದೂ ಅದೇ. ಆ ಡೀಸೆಲನ್ನು ಟ್ಯಾಂಕಿನಿಂದ ತಂದುಕೊಡುವುದು ಲಿಫ್ಟ್ ಪಂಪ್. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಫೀಡ್ ಪಂಪ್.

ಈ ಲಿಫ್ಟ್ ಪಂಪ್ ಸಾಯುವಾಗ ಸದ್ದು ಮಾಡುವುದಿಲ್ಲ. ಅದು ಪೂರ್ತಿ ನಿಂತರೂ ಸೆಲ್ಫ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಯಾಕೆಂದರೆ ಇಂಜೆಕ್ಷನ್ ಪಂಪ್ ತನಗೆ ಬೇಕಾದದ್ದನ್ನು ತಾನೇ ಎಳೆದುಕೊಳ್ಳಲು ಹೆಣಗುತ್ತದೆ. ಹಾಗೆ ಹೆಣಗಿ ಹೆಣಗಿ ಸವೆದ ಮೇಲೆ ಗಾಡಿಯ ಕಂಪ್ಯೂಟರ್‌ನಲ್ಲಿ ಪಿ0216 ಅನ್ನುವ ದೋಷದ ಕೋಡ್ ಕಾಣುತ್ತದೆ. ಅಷ್ಟು ಹೊತ್ತಿಗೆ ಕೆಟ್ಟಿರುವುದು ಚಿಕ್ಕ ಪಂಪ್ ಅಲ್ಲ, ದೊಡ್ಡದು.

ನನಗೆ ಆ ಕೋಡ್ ಬಂದಿರಲಿಲ್ಲ. ಲೋಡ್ ಹಾಕಿ ಏರು ಹತ್ತುವಾಗ ಒಂದು ಕಡೆ ಗಾಡಿ ಉಸಿರು ಹಿಡಿದಂತೆ ಮಾಡಿ ಮತ್ತೆ ಸರಿಹೋಗುತ್ತಿತ್ತು, ಅಷ್ಟೇ. ತಕ್ಷಣ ಹೊಸ ಲಿಫ್ಟ್ ಪಂಪ್ ತರೋಣ ಅಂತ ಹೊರಟವನು, ಯಾಕೋ ತಡೆದು ಮೊದಲು ಒಂದು ಪ್ರೆಷರ್ ಗೇಜ್ ತಂದೆ. ಈ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಅದೊಂದೇ ಅನ್ನಬಹುದು.

ಗೇಜ್ ಕೂರಿಸಬೇಕಾದದ್ದು ಫಿಲ್ಟರ್ ಆದಮೇಲೆ, ಇಂಜೆಕ್ಷನ್ ಪಂಪಿನ ಬಾಯಲ್ಲಿ. ಫಿಲ್ಟರ್‌ಗೆ ಮುಂಚೆ ಅಳೆದರೆ ಫಿಲ್ಟರ್ ಕಟ್ಟಿಕೊಂಡಿದ್ದರೂ ಸೂಜಿ ಚೆಂದವಾಗಿಯೇ ನಿಂತಿರುತ್ತದೆ. ಅಲ್ಲಿನ ಬ್ಯಾಂಜೋ ಬೋಲ್ಟ್ (ಒಳಗಿನಿಂದ ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್) ತೆಗೆದು, ನಡುವೆ ತೂತು ಕೊರೆದು ಥ್ರೆಡ್ ಹಾಕಿದ ಇನ್ನೊಂದು ಬೋಲ್ಟ್ ಹಾಕಿದೆ; ಎರಡೂ ಕಡೆ ಹೊಸ ವಾಷರ್. ಮೊದಲ ಗೇಜ್ ಒಂದೇ ವಾರಕ್ಕೆ ಹೋಯಿತು. ಇಂಜೆಕ್ಷನ್ ಪಂಪ್ ಡೀಸೆಲನ್ನು ಗುಟುಕು ಗುಟುಕಾಗಿ ಎಳೆಯುವಾಗ ಲೈನಿನಲ್ಲಿ ಬಡಿತ ಹುಟ್ಟುತ್ತದೆ, ಅದು ನೇರವಾಗಿ ಸೂಜಿಗೆ ಹೊಡೆಯುತ್ತದೆ. ಎರಡನೆಯ ಸಲ ನಡುವೆ ಒಂದು ನೀಡಲ್ ವಾಲ್ವ್ ಹಾಕಿ, ಸೂಜಿಯ ನಡುಕ ನಿಲ್ಲುವಷ್ಟು ಬಿಗಿದೆ. ಡೀಸೆಲ್ ಪೈಪನ್ನು ಕ್ಯಾಬಿನ್ ಒಳಕ್ಕೆ ತರಲಿಲ್ಲ. ಪ್ರೆಷರ್ ಅಳೆಯುವ ಸೆಂಡರ್ ಎಂಜಿನ್ ಹತ್ತಿರವೇ ಉಳಿಯಿತು, ಒಳಕ್ಕೆ ಬಂದದ್ದು ವಯರ್ ಮಾತ್ರ.

ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, 11 ಪಿಎಸ್‌ಐ (ಒತ್ತಡದ ಅಳತೆ). ಸಮತಟ್ಟು ರಸ್ತೆಯಲ್ಲಿ 8. ಲೋಡ್ ಸಮೇತ ಏರಿನಲ್ಲಿ ಎಕ್ಸಲೇಟರ್ ಪೂರ್ತಿ ತುಳಿದಾಗ 2. ವಿಪಿ44ಗೆ ಎಂಥ ಲೋಡಿನಲ್ಲೂ 10ಕ್ಕಿಂತ ಕೆಳಗೆ ಇಳಿಯಬಾರದು ಅನ್ನುತ್ತಾರೆ. ಅದರ ಓವರ್‌ಫ್ಲೋ ವಾಲ್ವ್ ತೆರೆಯುವುದೇ 14ರ ಆಸುಪಾಸಿನಲ್ಲಿ. ಅದು ತೆರೆಯದಿದ್ದರೆ ಬಿಸಿ ಹೊತ್ತೊಯ್ಯುವ ಡೀಸೆಲ್ ಹರಿಯಬೇಕಾದಷ್ಟು ಹರಿಯುವುದಿಲ್ಲ. ಆ 2 ನೋಡಿದ ಮೇಲೆ ಎಕ್ಸಲೇಟರ್ ಮೇಲೆ ಕಾಲಿಡಲು ಭಯವಾಯಿತು. ಫಿಲ್ಟರ್ ಬದಲಿಸಿ ನೋಡಿದೆ, 4ಕ್ಕೆ ಏರಿತು. ಅಂದರೆ ಪಂಪೇ ದಣಿದಿದೆ. ಅಷ್ಟು ವರ್ಷ ದುಡಿದದ್ದು, ಬೈಯುವಂತೆಯೂ ಇಲ್ಲ.

ಈಗ ಆಯ್ಕೆ. ಮಾರುವವರೆಲ್ಲ ಮುಂದಿಡುವುದು ಗಂಟೆಗೆ ಇಷ್ಟು ಗ್ಯಾಲನ್ ಅನ್ನುವ ಅಂಕಿ: 95, 100, 150, 165, ಇನ್ನೂ ಮೇಲೆ. ನಾನೂ ಮೊದಲು 165ರ ಮೇಲೆಯೇ ಕಣ್ಣು ಹಾಕಿದ್ದೆ. ಆಮೇಲೆ ಕಾಗದ ಪೆನ್ನು ಹಿಡಿದು ಕೂತೆ. ನನ್ನ ಎಂಜಿನ್ ಸುಮಾರು 245 ಎಚ್‌ಪಿ, ಅಂದರೆ 183 ಕಿಲೋವ್ಯಾಟ್. ಒಂದು ಕಿಲೋವ್ಯಾಟ್ ಗಂಟೆಗೆ 220 ಗ್ರಾಂ ಅಂತ ಹಿಡಿದರೆ ಪೂರ್ತಿ ಲೋಡಿನಲ್ಲಿ ಗಂಟೆಗೆ 40 ಕೆಜಿ, ಲೀಟರಿನಲ್ಲಿ 48. 100 ಗ್ಯಾಲನ್ ಅಂದರೆ 378 ಲೀಟರ್! ಉರಿಯುವುದರ ಏಳೆಂಟು ಪಟ್ಟು. ರಿಟರ್ನ್ ಕೊಳವೆಯಲ್ಲಿ ಟ್ಯಾಂಕಿಗೆ ಮರಳುವುದನ್ನು ಸೇರಿಸಿದರೂ ಬೇಕಾದಷ್ಟು ಮಿಗುತ್ತದೆ. ದೊಡ್ಡ ಇಂಜೆಕ್ಟರ್, ಪವರ್ ಬಾಕ್ಸ್ (ಎಂಜಿನ್ ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದವರಿಗೆ ದೊಡ್ಡದು ಬೇಕಾಗಬಹುದು. (ಲಿಫ್ಟ್ ಪಂಪ್ ಸೋತಿರುವಾಗಲೇ ಪವರ್ ಬಾಕ್ಸ್ ಹಾಕಿಸಿಕೊಳ್ಳುವವರೂ ಇದ್ದಾರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.) ನನ್ನದು ಕಂಪನಿಯಿಂದ ಬಂದ ಹಾಗೇ ಇದೆ. ಜೊತೆಗೆ ಆ ಅಂಕಿಯನ್ನು ಯಾವ ಪ್ರೆಷರ್‌ನಲ್ಲಿ ಅಳೆದದ್ದು ಅಂತ ಕೇಳಬೇಕು. ತಡೆಯೇ ಇಲ್ಲದೆ ಬಕೆಟ್‌ಗೆ ಸುರಿಯುವ ಅಳತೆಗೂ 15 ಪಿಎಸ್‌ಐನಲ್ಲಿ ಕೊಡುವ ಅಳತೆಗೂ ತುಂಬಾ ಅಂತರವಿದೆ. ಎರಡನ್ನೂ ತೋರಿಸುವ ಗ್ರಾಫ್ ಕೊಡದವರನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ.

ಅಂಕಿಗಿಂತ ಮುಖ್ಯ ಅನ್ನಿಸಿದ್ದು ಜಾಗ. ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೊರಗು. ಎಂಜಿನ್ ಬ್ಲಾಕ್ ಮೇಲೆ ಕೂತು, ಹಿಂದೆ ದೂರದಲ್ಲಿರುವ ಟ್ಯಾಂಕಿನಿಂದ ಎಳೆಯಲು ಹೋದರೆ ಲೈನಿನಲ್ಲಿ ನಿರ್ವಾತ ಹೆಚ್ಚಿ, ಡೀಸೆಲ್‌ನಲ್ಲಿ ಕರಗಿರುವ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಅದಕ್ಕೇ ಟ್ಯಾಂಕಿನ ಪಕ್ಕ, ಚಾಸಿಗೆ ಬಿಗಿಯುವಂಥದ್ದನ್ನೇ ಹುಡುಕಿದೆ. ಫಾಸ್, ಏರ್‌ಡಾಗ್ ಬ್ರ್ಯಾಂಡಿನ ಪಂಪ್‌ಗಳು ಎರಡೂ ಈ ಬಗೆಯವು. ಗಾಳಿ, ನೀರು ಬೇರ್ಪಡಿಸಿ, ಗಾಳಿಯನ್ನು ಟ್ಯಾಂಕಿಗೇ ವಾಪಸ್ ಕಳಿಸುತ್ತವೆ. ಇಂಥದ್ದರಲ್ಲಿ 100ರ ಆಸುಪಾಸಿನ ಒಂದನ್ನು ತಂದೆ. ಸಣ್ಣ ಮೈಕ್ರಾನ್ ಫಿಲ್ಟರ್, ಅಂದರೆ ತೀರಾ ಸಣ್ಣ ಕಣವನ್ನೂ ತಡೆಯುವಂಥದ್ದು, ಪಂಪ್ ಆದಮೇಲೆ, ತಳ್ಳುವ ಕಡೆ ಇರಬೇಕು. ಎಳೆಯುವ ಕಡೆ ಹಾಕಿದರೆ ಮತ್ತೆ ಅದೇ ಉಸಿರುಕಟ್ಟು.

ವಯರಿಂಗ್ ಬೇಗ ಮುಗಿಯಿತು. ಹಳೆ ಪಂಪಿನ ವಯರ್ ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್) ಎಬ್ಬಿಸುವುದಕ್ಕೆ ಮಾತ್ರ, ಪಂಪಿಗೆ ಕರೆಂಟ್ ಫ್ಯೂಸ್ ಮೂಲಕ ಬ್ಯಾಟರಿಯಿಂದ ನೇರ.

ಹೊಸದರಲ್ಲಿ ಐಡಲ್ 17, ಏರಿನಲ್ಲಿ 14. ಹಿಗ್ಗಿದೆ. ಹತ್ತು ದಿನವಾದ ಮೇಲೆ ಟ್ಯಾಂಕ್ ಕಾಲುಭಾಗಕ್ಕೆ ಇಳಿದಾಗ ತಿರುವಿನಲ್ಲಿ ಸೂಜಿ 14ರಿಂದ 5ಕ್ಕೆ ಬಿದ್ದು ಮೇಲಕ್ಕೆ ಹಾರಿತು. ಪಂಪನ್ನು ಶಂಕಿಸಿ ಎರಡು ಸಂಜೆ ಹಾಳು ಮಾಡಿಕೊಂಡೆ. ತಪ್ಪು ನನ್ನದೇ. ಟ್ಯಾಂಕಿಗೆ ಇಳಿಸಿದ ಹೊಸ ಎಳೆಯುವ ಕೊಳವೆಯನ್ನು ಕತ್ತರಿಸುವಾಗ ತಳದಿಂದ ಎರಡು ಬೆರಳು ಹೆಚ್ಚೇ ಮೇಲೆ ಬಿಟ್ಟಿದ್ದೆ, ರಿಟರ್ನ್ ಕೊಳವೆ ಅದರ ಪಕ್ಕದಲ್ಲೇ ಮೇಲಿನಿಂದ ಸುರಿಯುತ್ತಿತ್ತು. ಟ್ಯಾಂಕ್ ಇಳಿಸಿ ಟಾರ್ಚ್ ಹಿಡಿದು ರಿಟರ್ನ್ ಬಿಟ್ಟು ನೋಡಿದರೆ ಅಲ್ಲಿ ನೊರೆಯೋ ನೊರೆ. ಪಂಪ್ ಆ ನೊರೆಯನ್ನೇ ಕುಡಿಯುತ್ತಿತ್ತು. ಹೊಸ ಕೊಳವೆಯನ್ನು ತಳಕ್ಕೆ ಸಮೀಪ ಓರೆಯಾಗಿ ಕತ್ತರಿಸಿ, ರಿಟರ್ನ್ ತುದಿಯನ್ನು ದೂರ ಸರಿಸಿ ಡೀಸೆಲ್‌ನಲ್ಲಿ ಮುಳುಗುವಂತೆ ಇಳಿಸಿದೆ. 165 ತಂದಿದ್ದರೆ ನೊರೆ ಇನ್ನೂ ಜೋರಾಗಿರುತ್ತಿತ್ತೇನೋ.

ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಷರ್ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಇರುವವರು ನನ್ನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅವುಗಳ ಲೆಕ್ಕವೇ ಬೇರೆ. ಜನರಲ್ ಮೋಟರ್ಸ್ ಪಿಕಪ್‌ಗಳ ಡ್ಯೂರಾಮ್ಯಾಕ್ಸ್ ಎಂಜಿನ್‌ನಲ್ಲಂತೂ 2016ರವರೆಗೆ ಲಿಫ್ಟ್ ಪಂಪೇ ಇರಲಿಲ್ಲ, 2017ರ ಎಲ್5ಪಿ ಮಾದರಿಯಲ್ಲಿ ಟ್ಯಾಂಕಿನೊಳಗೆ ಬಂತು.

ಸದ್ದಿನ ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಕೀ ತಿರುಗಿಸಿದ ಕೂಡಲೇ ಚಾಸಿಯಿಂದ ದುಂಬಿಯಂಥ ಗುಂಯ್ ಶುರುವಾಗುತ್ತದೆ. ಬ್ರಾಕೆಟ್ ಅಡಿಗೆ ರಬ್ಬರ್ ಇಟ್ಟ ಮೇಲೆ ಅರ್ಧ ಇಳಿಯಿತು, ಉಳಿದರ್ಧ ಅಭ್ಯಾಸವಾಯಿತು. ಫಿಲ್ಟರ್ ಬದಲಿಸಲು ಕಿಲೋಮೀಟರ್ ಎಣಿಸುವುದನ್ನು ಈಗ ಬಿಟ್ಟಿದ್ದೇನೆ. ಅದೇ ಏರಿನಲ್ಲಿ, ಅದೇ ಲೋಡಿನಲ್ಲಿ ಸೂಜಿ 12 ಮುಟ್ಟಿತೆಂದರೆ ಆ ವಾರವೇ ಹೊಸ ಫಿಲ್ಟರ್.