ಸಮುದಾಯ ರೇಡಿಯೊಗೆ ಸಾಹಿತಿ, ಕಲಾವಿದ, ಹೋರಾಟಗಾರರನ್ನು ಮಾತಾಡಿಸುವುದು ಹೇಗೆ?

ಸಮುದಾಯ ರೇಡಿಯೊಗೆ, ಅಂದರೆ ಒಂದು ಸೀಮೆಯ ಜನರಿಗಾಗಿಯೇ ನಡೆಯುವ ಸಣ್ಣ ರೇಡಿಯೊ ಕೇಂದ್ರಕ್ಕೆ, ಹೊಸದಾಗಿ ಸಂದರ್ಶನ ಮಾಡೋಕೆ ಹೊರಟವರು ಮೊದಲು ಕೇಳುವುದು ಯಾವ ಮೈಕ್ ತಗೊಳ್ಳಲಿ ಅಂತ. ಮೈಕ್ ಆಮೇಲೆ ನೋಡೋಣ. ಸಾಹಿತಿಯನ್ನು ಮಾತಾಡಿಸುವುದಾದರೆ ಮೊದಲು ಅವರ ಪುಸ್ತಕ ಓದಿ. ಬೆನ್ನುಡಿ ಮಾತ್ರ ಅಲ್ಲ, ಇಡೀ ಪುಸ್ತಕ. ಎಲ್ಲಿ ಒಪ್ಪಿಗೆ ಆಗಲಿಲ್ಲವೋ, ಎಲ್ಲಿ ಅರ್ಥ ಆಗಲಿಲ್ಲವೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಷಿಕಾಗೊದ ಹೆಸರಾಂತ ಸಂದರ್ಶಕ ಸ್ಟಡ್ಸ್ ಟರ್ಕೆಲ್ 1952ರಿಂದ 1997ರವರೆಗೆ ರೇಡಿಯೊದಲ್ಲಿ ಇದೇ ಕೆಲಸ ಮಾಡಿದರು, ಅವರು ಓದಿದ ಪುಸ್ತಕಗಳ ತುಂಬ ಗೆರೆ, ಟಿಪ್ಪಣಿ ಇರುತ್ತಿದ್ದವು. ಬರೆಯೋಕೆ ಸ್ಫೂರ್ತಿ ಏನು ಅಂತ ಕೇಳಿದರೆ ಸಾಹಿತಿಗಳು ನೂರು ಸಲ ಹೇಳಿದ್ದನ್ನೇ ಹೇಳುತ್ತಾರೆ. ಬದಲಿಗೆ, ಅವರ ಕಥೆಯದೇ ಒಂದು ಸನ್ನಿವೇಶ ಹಿಡಿದು, 'ಆ ತಾಯಿ ಮನೆ ಬಿಟ್ಟು ಹೋಗುವಾಗ ಬಾಗಿಲು ಯಾಕೆ ತೆಗೆದಿಟ್ಟು ಹೋದಳು?' ಅಂತ ಕೇಳಿ. ಅವರು ಸ್ವಲ್ಪ ಹೊತ್ತು ಯೋಚಿಸಿ ಮಾತಾಡುತ್ತಾರೆ, ನಮಗೆ ಬೇಕಾಗಿರುವುದು ಆ ಮಾತು.

ಪುಸ್ತಕ ಇಲ್ಲದ ಕಲಾವಿದರ ಹತ್ತಿರ ಕೆಲಸದಿಂದಲೇ ಶುರು ಮಾಡಿ. ತಮಟೆ ಬಾರಿಸುವವರನ್ನು ನಿಮ್ಮ ಸಾಧನೆ ಏನು ಅಂತ ಕೇಳಿದರೆ ಸಂಕೋಚಪಡುತ್ತಾರೆ. ತಮಟೆಯನ್ನು ಬೆಂಕಿಗೆ ಕಾಯಿಸುವಾಗ ಇಷ್ಟು ಸಾಕು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿ. ಬೆರಳಲ್ಲಿ ತಟ್ಟಿ ತೋರಿಸುತ್ತಾರೆ, ಅದನ್ನು ಯಾರು ಕಲಿಸಿದರು ಅಂತ ಹೇಳುತ್ತಾರೆ, ಹಾಗೇ ಜಾತ್ರೆಗೆ ಬರುತ್ತಾರೆ, ಯಾರ ಮನೆ ಮುಂದೆ ನಿಂತು ಬಾರಿಸುತ್ತಿದ್ದರು, ಯಾರು ಒಳಗೆ ಕರೆಯಲಿಲ್ಲ ಅನ್ನುವಲ್ಲಿಗೂ ಬರುತ್ತಾರೆ. ಸಂಸ್ಕೃತಿ ಒಂದು ಕಂತು, ರಾಜಕೀಯ ಇನ್ನೊಂದು ಕಂತು ಅಂತ ಬೇರೆ ಮಾಡಬೇಕಾಗಿಲ್ಲ.

ಹೋರಾಟಗಾರರನ್ನು ಮಾತಾಡಿಸುವಾಗ ಒಂದು ನಿಯಮ ನೆನಪಿರಲಿ. ಸಮುದಾಯ ರೇಡಿಯೊ ತನ್ನದೇ ಸುದ್ದಿ ಅಥವಾ ಪ್ರಚಲಿತ ರಾಜಕೀಯದ ಕಾರ್ಯಕ್ರಮ ಮಾಡುವಂತಿಲ್ಲ, ಕೇಂದ್ರ ಸರ್ಕಾರದ 2006ರ ಸಮುದಾಯ ರೇಡಿಯೊ ನೀತಿಯಲ್ಲೇ ಈ ಮಾತಿದೆ. ಪಕ್ಷದ ಪರ-ವಿರೋಧದ ಮಾತು ಬಂದರೆ ಪ್ರಸಾರ ಮಾಡೋಕಾಗಲ್ಲ. ಅದಕ್ಕೆ ಅಭಿಪ್ರಾಯಕ್ಕಿಂತ ಜಾಸ್ತಿ ಅನುಭವ ಕೇಳಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು, ಅಪ್ಪಿಕೊ ಚಳವಳಿ ಹುಟ್ಟಿದ್ದು ಹಾಗೆ. ಆ ದಿನ ಇದ್ದವರು ಸಿಕ್ಕರೆ ಅರಣ್ಯ ನೀತಿ ಬಗ್ಗೆ ಭಾಷಣ ಬೇಡ. ಅವತ್ತು ಮನೆಯಲ್ಲಿ ಏನು ಹೇಳಿ ಹೊರಟಿರಿ, ಮೊದಲು ಮರದ ಹತ್ತಿರ ಹೋದವರು ಯಾರು, ಕಡಿಯೋಕೆ ಬಂದ ಕೂಲಿಯವರ ಜತೆ ಏನು ಮಾತಾಡಿದಿರಿ ಅಂತ ಕೇಳಿ.

ಧ್ವನಿ ಹಿಡಿಯುವುದು ಕಷ್ಟವಲ್ಲ, ಆದರೆ ಶಿಸ್ತು ಬೇಕು. ಹಾಸಿಗೆ, ಕೌದಿ, ಬಟ್ಟೆ ಇರುವ ಕೋಣೆ ಒಳ್ಳೆಯದು, ಪ್ರತಿಧ್ವನಿ ಬರಲ್ಲ. ಫ್ಯಾನ್ ಆರಿಸಿ, ಮೊಬೈಲ್ ಫ್ಲೈಟ್ ಮೋಡ್‌ಗೆ ಹಾಕಿ, ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿದ್ದಾರಾ ಕೇಳಿಕೊಳ್ಳಿ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇರಲಿ. ನೇರ ಹಿಡಿದರೆ ಪ, ಫ, ಭ ಬಂದಾಗೆಲ್ಲ ಉಸಿರು ಬಡಿಯುತ್ತೆ. ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಒಮ್ಮೆ ನಾನು ಹಾಕಿಕೊಳ್ಳದೆ ಒಬ್ಬ ಹಿರಿಯರ ತತ್ವಪದ ಹಿಡಿದೆ, ಉದ್ದಕ್ಕೂ ಫ್ಯಾನ್ ಗುಂಯ್‌ಗುಡುತ್ತಿತ್ತು. ಮತ್ತೆ ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಕೊನೆಗೆ ಯಾರೂ ಮಾತಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನೂ ಹಿಡಿದಿಡಿ, ಎಡಿಟಿಂಗ್‌ನಲ್ಲಿ ತುಂಡುಗಳನ್ನು ಸೇರಿಸೋಕೆ ಬೇಕಾಗುತ್ತೆ.

ಅವರು ಸುಮ್ಮನಾದಾಗ ನೀವೂ ಸುಮ್ನಿರಿ. ಇದು ಎಲ್ಲಕ್ಕಿಂತ ಕಷ್ಟ. ಮನಸ್ಸಲ್ಲಿ ಐದು ಎಣಿಸಿ. ಎಷ್ಟೋ ಸಲ ನಿಜವಾದ ಮಾತು ಆ ಮೌನದ ಆಚೆಗಿರುತ್ತೆ, ನಾವು 'ಹೂಂ, ಹೌದೌದು' ಅಂತ ಬಾಯಿ ಹಾಕಿ ಅದನ್ನು ಕಳೆದುಕೊಳ್ಳುತ್ತೇವೆ. ಹೂಂ ಅನ್ನುವ ಬದಲು ತಲೆ ಆಡಿಸಿ. ಎಡಿಟ್ ಮಾಡುವಾಗ ಆ ಮೌನವನ್ನು ಪೂರ್ತಿ ಕತ್ತರಿಸಬೇಡಿ. ಧಾರವಾಡದವರ, ಕುಂದಾಪುರದವರ, ಕಲಬುರಗಿಯವರ ಕನ್ನಡವನ್ನು ನಿಮ್ಮ ಕನ್ನಡಕ್ಕೆ ತಿದ್ದುವುದೂ ಬೇಡ.

ಹಾಡು ಹಿಡಿದರೆ ಪ್ರಸಾರಕ್ಕೆ ಒಪ್ಪಿಗೆ ಕೇಳಿ, ಆ ಒಪ್ಪಿಗೆಯನ್ನೂ ರೆಕಾರ್ಡ್ ಮಾಡಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ದುಡ್ಡು, ಬಸ್ ಚಾರ್ಜು ಕೊಡಲೇಬೇಕು. ಪ್ರಸಾರದ ದಿನ, ಹೊತ್ತನ್ನು ಫೋನ್ ಮಾಡಿ ಹೇಳಿ. ವಾಟ್ಸ್ಆ್ಯಪ್ ಇಲ್ಲದ ಮನೆಗೆ ಪೆನ್‌ಡ್ರೈವ್ ತಗೊಂಡು ಹೋಗಿ ಅವರ ಜತೆ ಕೂತು ಕೇಳಿ. ಕೇಳುತ್ತಾ ಹೊಸದೇನೋ ನೆನಪಾಗಿ ಹೇಳೋಕೆ ಶುರು ಮಾಡುತ್ತಾರೆ, ರೆಕಾರ್ಡರ್ ಜತೆಗಿರಲಿ.