ಐರ್ಲೆಂಡಿನಲ್ಲಿ ಯಾರು ಯಾರಿಗೆ ಏನು?

ಆಫೀಸಿನಲ್ಲಿ ಯಾರಾದರೂ 'ಯುವರ್ ಮ್ಯಾನ್ ಹೀಗಂದ' ಎಂದರೆ ಗಂಡನ ವಿಷಯವೆಂದು ಗಾಬರಿಯಾಗಬೇಡಿ. ಇಲ್ಲಿನವರ ಮಾತಿನಲ್ಲಿ ಅದು 'ಆ ಮನುಷ್ಯ' ಅಷ್ಟೇ. ಅಂಗಡಿಯವನೂ ಆಗಬಹುದು, ಟಿವಿಯಲ್ಲಿ ಕಂಡ ಮಂತ್ರಿಯೂ ಆಗಬಹುದು. ಹೆಂಗಸಾದರೆ 'ಯುವರ್ ವನ್'. ಮನೆಯವರನ್ನು ವಿಚಾರಿಸುವಾಗ ಹಳಬರು 'ಹಿಮ್‌ಸೆಲ್ಫ್ ಹೇಗಿದ್ದಾರೆ?' ಎನ್ನುವುದುಂಟು. ಗಂಡನ ಹೆಸರೆತ್ತದೆ 'ಇವರು' ಎನ್ನುವ ಅಮ್ಮಂದಿರನ್ನು ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಜೋಡಿಯಾಗಿ ಬಂದವರೆಲ್ಲ ಗಂಡ ಹೆಂಡತಿ ಎಂದು ನೀವೇ ತೀರ್ಮಾನಿಸಿಬಿಡಬೇಡಿ. ಅವರು 'ಪಾರ್ಟ್‌ನರ್' ಅಂದರೆ ನೀವೂ ಪಾರ್ಟ್‌ನರ್ ಅನ್ನಿ. ಮದುವೆಯಿಲ್ಲದೆ ಮನೆ ಕೊಂಡು ಮಕ್ಕಳನ್ನು ಸಾಕುವುದು ಇಲ್ಲಿ ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಇಬ್ಬರೂ ಗಂಡಸರೇ ಇದ್ದಾರು, ಹೆಂಗಸರೇ ಇದ್ದಾರು. 2015ರ ಜನಮತದಲ್ಲಿ ಶೇ. 62ರಷ್ಟು ಮಂದಿ ಅಂಥ ಮದುವೆಗೆ ಸೈ ಎಂದರು. ಇದೇ ದೇಶದಲ್ಲಿ 1995ರ ಜನಮತ ಕೂದಲೆಳೆಯಲ್ಲಿ ಗೆಲ್ಲುವ ತನಕ ವಿಚ್ಛೇದನಕ್ಕೆ ಸಂವಿಧಾನವೇ ಅಡ್ಡವಾಗಿತ್ತು! 'ಮದುವೆ ಯಾವಾಗ?' ಎಂಬ ಪ್ರಶ್ನೆ ಊರಿಗೆ ಹೋದಾಗ ಕೇಳಿಕೊಳ್ಳೋಣ.

ಐರಿಷ್ ಭಾಷೆಯಲ್ಲಿ ಜೋಡಿಗೆ 'ಲಾನೂಯಿನ್' ಎನ್ನುತ್ತಾರೆ. 'ಕಪಲ್' ಇದ್ದ ಹಾಗಿದೆ ಎಂದು 'ಕೂಪ್ಲಾ' ಅಂದೀರಿ, ಜೋಕೆ. ಅದಕ್ಕೆ ಅವಳಿ ಎಂಬ ಅರ್ಥವಿದೆ, ಅಣ್ಣ ತಂಗಿಗೆ ಗಂಟು ಹಾಕಿದ ಪಾಪ ನಿಮಗೆ. ಮಕ್ಕಳ ಶಾಲೆಯ ಚೀಟಿಯಲ್ಲಿ ಟೀಚರ್ ಹೆಸರಿಗೆ ಮುಂಚೆ 'ಬ್ಯಾನ್ ಈ' ಎಂದಿದ್ದರೆ ಗಂಡನ ಮನೆತನದ ಹೆಸರು, 'ನೀ' ಎಂದಿದ್ದರೆ ತವರಿನದು. ತವರಿನ ಹೆಸರನ್ನೇ ಉಳಿಸಿಕೊಂಡ ವಿವಾಹಿತೆಯರೂ ಇದ್ದಾರೆ, ಅದರ ಮೇಲೆ ಲೆಕ್ಕ ಹಾಕಬೇಡಿ.

ನಿಮ್ಮದು 'ಅರೇಂಜ್ಡ್' ಮದುವೆಯೇ ಎಂದು ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ಸಂಕೋಚ ಬೇಡ. ಇವರ ಅಜ್ಜ ಮುತ್ತಜ್ಜಂದಿರ ಕಾಲದ ಹಳ್ಳಿಗಳಲ್ಲೂ ಹೊಲ, ದನ, ವರದಕ್ಷಿಣೆಯ ಚೌಕಾಸಿ ನಡೆದೇ ಸಂಬಂಧ ಕುದುರುತ್ತಿತ್ತು. ದಲ್ಲಾಳಿಗಳೂ ಇದ್ದರು. ಕ್ಲೇರ್ ಕೌಂಟಿಯ ಲಿಸ್ಡೂನ್‌ವಾರ್ನಾದಲ್ಲಿ ಸೆಪ್ಟೆಂಬರ್ ಬಂತೆಂದರೆ ಜೋಡಿ ಕೂಡಿಸುವ ಹಬ್ಬ ಇವತ್ತಿಗೂ ನಡೆಯುತ್ತದೆ. ಈಗ ಹೆಚ್ಚಾಗಿ ಸಂಗೀತ, ಕುಣಿತ, ಬಿಯರು. ಒಮ್ಮೆ ಹೋಗಿ ಬನ್ನಿ, ಚೆನ್ನಾಗಿರುತ್ತದೆ.

ಐಟಿ ಹುಡುಗರಿಗೆ ಇನ್ನೊಂದು ಮಾತು. ಇಲ್ಲಿನ ಹರೆಯದವರ ಬಾಯಲ್ಲಿ 'ಶಿಫ್ಟ್' ಅಂದರೆ ಮುತ್ತು. ಸೋಮವಾರ ಬೆಳಿಗ್ಗೆ 'ಶಿಫ್ಟ್ ಸಿಕ್ಕಿತಾ?' ಎಂದು ಕೇಳಿದರೆ ರೋಸ್ಟರ್ ತೆಗೆದು ತೋರಿಸಬೇಡಿ.