ನಡು ಸೀಸನ್‌ನ ಟ್ರೇಡ್: 2021ರಲ್ಲಿ ನಾನು ಹಾಕಿದ ಲೆಕ್ಕ

2021ರ ಜುಲೈ 10ರಂದು ಮಯಾಮಿಯಲ್ಲಿ ರೊನಾಲ್ಡ್ ಅಕುನ್ಯ ಅವರ ಮೊಣಕಾಲಿನ ಲಿಗಮೆಂಟ್ ಹರಿದಾಗ ಅವರ ಬೇಸ್‌ಬಾಲ್ ತಂಡ ಅಟ್ಲಾಂಟಾ ಬ್ರೇವ್ಸ್ ಜೊತೆಗೆ ನನ್ನ ಫ್ಯಾಂಟಸಿ ತಂಡವೂ (ನಿಜವಾದ ಆಟಗಾರರ ಅಂಕಿಗಳ ಮೇಲೆ ಗೆಳೆಯರು ಆಡುವ ಆಟದಲ್ಲಿನ ತಂಡ) ಕುಸಿಯಿತು. ಅಲ್ಲಿಯವರೆಗೆ 24 ಹೋಮ್ ರನ್ (ಗೋಡೆ ದಾಟುವ ಹೊಡೆತ) ಹೊಡೆದು 17 ಸ್ಟೀಲ್ (ಓಡಿ ಮುಂದಿನ ಬೇಸ್ ಕದಿಯುವುದು) ಮಾಡಿದ್ದ ಆಟಗಾರನ ಜಾಗ ಒಂದೇ ಸಂಜೆಯಲ್ಲಿ ಖಾಲಿಯಾಗಿತ್ತು. ನಮ್ಮದು ಹತ್ತು ಜನರ, ಅಮೆರಿಕದ ಬೇಸ್‌ಬಾಲ್‌ನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಆಟಗಾರರಿಗೆ ಮಾತ್ರ ಸೀಮಿತವಾದ ಲೀಗ್. ಆಟಗಾರ ಇನ್ನೊಂದು ಲೀಗ್ ಆದ ಅಮೆರಿಕನ್ ಲೀಗ್‌ಗೆ ವರ್ಗವಾದರೆ ಅವನ ಅಂಕಿಗಳು ಅಲ್ಲಿಗೇ ನಿಲ್ಲುತ್ತವೆ. ಪ್ರವೇಶ ಶುಲ್ಕ 150 ಡಾಲರ್. ಗುಂಪಿನಲ್ಲಿದ್ದ ಇನ್ನಿಬ್ಬರು ಕನ್ನಡಿಗರೂ ಸೇರಿದಂತೆ ಎಲ್ಲರೂ ಕೊಟ್ಟ ಸಲಹೆ ಒಂದೇ: ಏನನ್ನಾದರೂ ಕೊಟ್ಟು ಮಾರ್ಲಿನ್ಸ್‌ನ ಸ್ಟಾರ್ಲಿಂಗ್ ಮಾರ್ಟೆ ಅವರನ್ನು ತೆಗೆದುಕೊಳ್ಳಿ.

ನಾನು ಒಪ್ಪಲಿಲ್ಲ, ಏಕೆಂದರೆ ಅದಕ್ಕೂ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೆ. 2018ರ ಜುಲೈನಲ್ಲಿ ಮ್ಯಾನಿ ಮಚಾಡೊ ಅಮೆರಿಕನ್ ಲೀಗ್‌ನ ಬಾಲ್ಟಿಮೋರ್‌ನಿಂದ ನ್ಯಾಷನಲ್ ಲೀಗ್‌ನ ಡಾಡ್ಜರ್ಸ್‌ಗೆ ಬಂದಾಗ, ಹೊಸಬರನ್ನು ಕೊಳ್ಳುವ ವಾರದ ಹರಾಜಿಗೆಂದು ಇಡೀ ಸೀಸನ್‌ಗೆ ಸಿಗುವ 100 ಡಾಲರ್‌ಗಳಲ್ಲಿ ಎಪ್ಪತ್ತಕ್ಕೂ ಹೆಚ್ಚನ್ನು ನಾನು ಮೇ ತಿಂಗಳಲ್ಲೇ ಯಾವ ಯಾವುದೋ ಬದಲಿ ಆಟಗಾರರ ಮೇಲೆ ಕಳೆದಿದ್ದೆನಾದ್ದರಿಂದ, ಕೂಗಲು ಹಣವೇ ಇರಲಿಲ್ಲ. 2019ರಲ್ಲಿ ಹಣವಿತ್ತು, ಧೈರ್ಯವಿರಲಿಲ್ಲ. ಡೆಟ್ರಾಯಿಟ್‌ನಲ್ಲಿ 11 ಹೋಮ್ ರನ್ ಮಾತ್ರ ಹೊಡೆದಿದ್ದ ನಿಕೊಲಸ್ ಕಾಸ್ಟಿಯಾನೋಸ್ ನ್ಯಾಷನಲ್ ಲೀಗ್‌ನ ಕಬ್ಸ್‌ಗೆ ಬಂದಾಗ ಸುಮಾರು 11 ಡಾಲರ್ ಕೂಗಿ ಸೋತೆ. ಅವರು ಮುಂದಿನ 51 ಪಂದ್ಯಗಳಲ್ಲಿ 16 ಹೊಡೆದರು. ಆ ಚಳಿಗಾಲದಲ್ಲಿ ಅವರ ಹೊಡೆತಗಳನ್ನು ಒಂದೊಂದಾಗಿ ನೋಡಿದೆ. ಡೆಟ್ರಾಯಿಟ್ ಮೈದಾನದ ಆಳವಾದ ಸೆಂಟರ್‌ಫೀಲ್ಡ್‌ನಲ್ಲಿ ಕ್ಯಾಚ್ ಆದ ಎಷ್ಟೋ ಚೆಂಡುಗಳು ಬೇರೆ ಮೈದಾನದಲ್ಲಿ ಗೋಡೆ ದಾಟುತ್ತಿದ್ದವು.

ನಡು ಸೀಸನ್‌ನಲ್ಲಿ ಯಾರು ಲೀಗ್ ಬದಲಿಸುತ್ತಾರೆ ಎಂಬುದೇ ಮುಖ್ಯವೆಂದು ಹೀಗೆ ಕಲಿತಿದ್ದರಿಂದ 2021ರಲ್ಲಿ ನಾನು ಮೊದಲು ನೋಡಿದ್ದು ಆಟಗಾರರ ಸರಾಸರಿಯನ್ನಲ್ಲ, ಅವರ ಒಪ್ಪಂದ ಮುಗಿಯುವ ವರ್ಷವನ್ನು. ಮಾರ್ಟೆ ಅವರ ಒಪ್ಪಂದ ಆ ವರ್ಷವೇ ಮುಗಿಯುತ್ತಿತ್ತು, ಮಾರ್ಲಿನ್ಸ್ ಹಿಂದೆ ಬಿದ್ದಿತ್ತು. ಅವರನ್ನು ಮಾರುವುದು ಖಚಿತವೆಂದು ನನಗೆ ಅನಿಸಿತ್ತು. ನನ್ನ ಬಳಿಯಿದ್ದ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಚೆಂಡೆಸೆಯುವ ಪಿಚರ್) ಕ್ರೇಗ್ ಕಿಂಬ್ರಲ್ ಅವರ ಕಥೆಯೂ ಅದೇ ಆಗಿತ್ತು. ಜೂನ್ ಕೊನೆಯಿಂದ ಸತತವಾಗಿ 11 ಪಂದ್ಯ ಸೋತ ಕಬ್ಸ್ ಅವರನ್ನು ಉಳಿಸಿಕೊಳ್ಳಲಾರದು, ಕೊಳ್ಳುವವರಲ್ಲಿ ಅರ್ಧದಷ್ಟು ತಂಡಗಳು ಅಮೆರಿಕನ್ ಲೀಗ್‌ನವು.

ಅಂಕಪಟ್ಟಿಯನ್ನು ಮುಂದಿಟ್ಟುಕೊಂಡೆ. ನಮ್ಮಲ್ಲಿ ಪ್ರತಿ ವಿಭಾಗದಲ್ಲೂ ಸ್ಥಾನಕ್ಕೆ ತಕ್ಕಂತೆ ಅಂಕ. ಸೇವ್‌ಗಳಲ್ಲಿ (ಕ್ಲೋಸರ್ ಉಳಿಸಿಕೊಟ್ಟ ಗೆಲುವುಗಳಲ್ಲಿ) ನಾನು ಎರಡನೆಯವನಿಗಿಂತ ಹದಿನೈದರಷ್ಟು ಮುಂದಿದ್ದೆ. ಕಿಂಬ್ರಲ್ ಹೋದರೂ ಒಂದು ಅಂಕಕ್ಕಿಂತ ಹೆಚ್ಚು ನಷ್ಟವಿರಲಿಲ್ಲ. ಸ್ಟೀಲ್‌ನಲ್ಲಿ ನನ್ನ ಮೇಲಿದ್ದ ನಾಲ್ವರೂ ಎಂಟು-ಒಂಬತ್ತರ ಅಂತರದೊಳಗೇ ಇದ್ದರು. ಆಲ್ ಸ್ಟಾರ್ ಬಿಡುವಿನಲ್ಲಿ ಕಿಂಬ್ರಲ್ ಅವರನ್ನು ಕೊಟ್ಟು ಸೇಂಟ್ ಲೂಯಿಸ್‌ನ ಟಾಮಿ ಎಡ್ಮನ್ ಅವರನ್ನೂ ಒಬ್ಬ ಸಾಧಾರಣ ಪಿಚರ್‌ನನ್ನೂ ಪಡೆದೆ. ಆಗ ಕಿಂಬ್ರಲ್ ಅವರ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಡುವ ರನ್‌ಗಳ ಸರಾಸರಿ) ಅರ್ಧ ರನ್ನಿನ ಆಸುಪಾಸಿನಲ್ಲಿತ್ತು. ನನಗೆ ಬುದ್ಧಿ ಕೆಟ್ಟಿದೆ ಎಂದು ಮೂವರು ನೇರವಾಗಿಯೇ ಹೇಳಿದರು. ಜುಲೈ ಕೊನೆಯ ವಾರದಲ್ಲಿ ಮಾರ್ಟೆ ಓಕ್ಲಂಡ್‌ಗೆ, ಕಿಂಬ್ರಲ್ ವೈಟ್ ಸಾಕ್ಸ್‌ಗೆ ಹೋದರು. ಎರಡೂ ತಂಡಗಳು ಅಮೆರಿಕನ್ ಲೀಗ್‌ನವು. ಮಾರ್ಟೆ ಆ ವರ್ಷ ಮಾಡಿದ 47 ಸ್ಟೀಲ್‌ಗಳಲ್ಲಿ 25 ನಮ್ಮ ಲೀಗಿನ ಲೆಕ್ಕಕ್ಕೆ ಬರಲೇ ಇಲ್ಲ. ಎಡ್ಮನ್ ಎಲ್ಲಿಗೂ ಹೋಗದೆ ಸೀಸನ್ ಮುಗಿಯುವಾಗ 30 ತಲುಪಿದ್ದರು.

ಈ ಪ್ರಸ್ತಾಪವನ್ನು ಯಾವ ದಿನ, ಯಾರ ಮುಂದೆ ಮೊದಲು ಇಡಬೇಕು ಎಂಬುದಕ್ಕೂ ನನ್ನದೊಂದು ಕ್ರಮವಿದೆ. ಅದೇ ಗೆಳೆಯರೊಂದಿಗೆ ಇನ್ನೂ ಆಡುತ್ತಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಡೆನ್ವರ್‌ನ ತೆಳುಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆಂದು ನಮಗೆಲ್ಲ ಗೊತ್ತು. ಅಲ್ಲಿನ ರಾಕೀಸ್ ತಂಡದ ಇಬ್ಬರು ಅಗ್ಗದ ಬ್ಯಾಟರ್‌ಗಳನ್ನು ಕೊಂಡು, ತಂಡ ತವರಿನಲ್ಲಿ ಆಡುವ ವಾರಗಳಲ್ಲಿ ಮಾತ್ರ ಕಣಕ್ಕಿಳಿಸಿದೆ. ನಮ್ಮ ಲೀಗ್‌ನಲ್ಲಿ ಆ ವಾರ ಆಡುವವರ ಪಟ್ಟಿಗೆ ಸೋಮವಾರವೇ ಬೀಗ ಬೀಳುತ್ತದೆ, ರಾಕೀಸ್‌ನ ತವರು ಪಂದ್ಯಗಳು ಹಲವು ಸಲ ವಾರದ ನಡುವೆಯೇ ಮುಗಿಯುತ್ತವೆ. ಐದಾರು ವಾರಗಳಾದ ಮೇಲೆ ಸರಾಸರಿ ಕೂದಲೆಳೆಯಷ್ಟು ಏರಿತ್ತು, ಸುಮಾರು ಒಂಬತ್ತು ಡಾಲರ್ ಹೋಗಿತ್ತು. ಕೈಬಿಟ್ಟೆ.

ಉಳಿದದ್ದು ಹೋಮ್ ರನ್‌ಗಳ ಕೊರತೆ. ಜುಲೈ 30ರಂದು ತಂಡಗಳು ಆಟಗಾರರನ್ನು ಅದಲುಬದಲು ಮಾಡುವ ಗಡುವು ಮುಗಿಯುವ ಹೊತ್ತಿಗೆ ನನ್ನ ಬಳಿ ಐವತ್ತರಷ್ಟು ಡಾಲರ್ ಇತ್ತು. ಉಳಿದವರಲ್ಲಿ ಹೆಚ್ಚಿನವರು ಇಪ್ಪತ್ತರೊಳಗೆ ಇದ್ದರು. ಅಂದು ಬ್ರೇವ್ಸ್ ಔಟ್‌ಫೀಲ್ಡ್‌ಗೆ ಕ್ಯಾನ್ಸಸ್ ಸಿಟಿಯಿಂದ ಹೋರ್ಹೆ ಸೋಲರ್, ಕ್ಲೀವ್‌ಲೆಂಡ್‌ನಿಂದ ಗಾಯಾಳುವಾಗಿದ್ದ ಎಡ್ಡಿ ರೊಸಾರಿಯೊ ಬಂದರು; ಇಬ್ಬರೂ ನಮ್ಮ ಲೀಗ್‌ಗೆ ಹೊಸಬರು. ಸೋಲರ್ ಅವರ ಬ್ಯಾಟಿಂಗ್ ಸರಾಸರಿ ಬರೀ .192 ಎಂದು ಎಲ್ಲರೂ ಹಿಂಜರಿದರು. 2019ರಲ್ಲಿ 48 ಹೋಮ್ ರನ್ ಹೊಡೆದಿದ್ದ ಅವರು ಆಡುತ್ತಿದ್ದ ಕಾಫ್‌ಮನ್ ಮೈದಾನ ಡೆಟ್ರಾಯಿಟ್‌ನಂತೆಯೇ ವಿಶಾಲವಾದದ್ದು. ನನಗೆ ಕಾಸ್ಟಿಯಾನೋಸ್ ಅವರೇ ಕಣ್ಣಮುಂದೆ ಬಂದರು. ಸೋಲರ್ ಅವರಿಗೆ 31, ರೊಸಾರಿಯೊ ಅವರಿಗೆ 4 ಡಾಲರ್ ಕೂಗಿದೆ. ಸೋಲರ್ ಅವರಿಗೆ ಬಂದ ಎರಡನೆಯ ಅತಿ ಹೆಚ್ಚಿನ ಕೂಗು 8 ಇತ್ತೆಂದು ಆಮೇಲೆ ತಿಳಿಯಿತು. ಇಪ್ಪತ್ತಕ್ಕೂ ಹೆಚ್ಚು ಡಾಲರ್ ಅನವಶ್ಯಕವಾಗಿ ಕೊಟ್ಟಿದ್ದೆ, ಅದರ ಬಗ್ಗೆ ಇಂದಿಗೂ ಬೇಸರವಿದೆ.

ಸೋಲರ್ 55 ಪಂದ್ಯಗಳಲ್ಲಿ 14 ಹೋಮ್ ರನ್ ಹೊಡೆದರು. ಆಗಸ್ಟ್ ಕೊನೆಯಲ್ಲಿ ಚೇತರಿಸಿಕೊಂಡು ಬಂದ ರೊಸಾರಿಯೊ 33 ಪಂದ್ಯಗಳಲ್ಲಿ 7 ಹೊಡೆದರು. ಅಕುನ್ಯ ಗಾಯಗೊಂಡಾಗ ಐದನೆಯ ಸ್ಥಾನದಲ್ಲಿದ್ದ ನಾನು ಮೂರೂವರೆ ಅಂಕಗಳ ಅಂತರದಿಂದ ಮೊದಲಿಗನಾಗಿ ಸುಮಾರು 900 ಡಾಲರ್ ಪಡೆದೆ. ನಮ್ಮ ಲೀಗ್‌ನಲ್ಲಿ ಜುಲೈ ನಂತರ ಅಷ್ಟು ಕೆಳಗಿನಿಂದ ಬಂದು ಗೆದ್ದವರು ಮತ್ತೊಬ್ಬರಿಲ್ಲ. ಮರುವರ್ಷ ಸೋಲರ್ ಮಯಾಮಿ ಸೇರಿದಾಗ, ನಮ್ಮ ಹರಾಜಿನಲ್ಲಿ ಮೂವರು ಅವರಿಗಾಗಿ ಪೈಪೋಟಿಗಿಳಿದರು. ಬೆಲೆ 17 ದಾಟಿದ ಮೇಲೆ ನಾನು ಸುಮ್ಮನಾದೆ.